ಮೇಸ್ತ್ರಿಯ ಹೆಬ್ಬೆಟ್ಟು

ಸಾವಿನ ಮನೆಗೆ ಗಿಟಾರಿನ ಪೆಟ್ಟಿಗೆ ಹೊತ್ತು ಬರಬಹುದೇ ಎಂಬ ಗಹನವಾದ ಪ್ರಶ್ನೆ ಅಂದು ಬೆಳಿಗ್ಗೆ ಹೊಸ್ತಿಲಲ್ಲೇ ಇತ್ಯರ್ಥವಾಗಬೇಕಾಯಿತು. ಹೊತ್ತು ಬಂದವನು ತೀರಿಕೊಂಡವನ ಮೈದುನ. ಪೆಟ್ಟಿಗೆ ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಹಿಂದೆ ಹೂವು ಹಿಡಿದು ಬಂದಿದ್ದವರು ಮೆಟ್ಟಿಲ ಮೇಲೇ ನಿಂತರು.

"ಏನಯ್ಯಾ, ಇಲ್ಲೇನು ಪ್ರೋಗ್ರಾಂ ಇದೆಯಾ?" ಎಂದ ಒಳಗಿದ್ದ ಡ್ರಮ್ಮಿನವ. ಅವನು ತೀರಿಕೊಂಡವನ ಹಳೆಯ ಗೆಳೆಯ.

"ಆಸ್ಪತ್ರೆಗೆ ಹೊರಟಿದ್ದೆ ಮಾರಾಯ. ಭಾವನ ಎದುರಿಗೇ ಇದನ್ನ ಬಿಚ್ಚೋಣ ಅಂತ. ದಾರೀಲಿ ಫೋನ್ ಬಂತು."

"ಇದನ್ನಾ? ನೀನಾ?" ಡ್ರಮ್ಮಿನವ ಪೆಟ್ಟಿಗೆಯ ಒಂದು ತುದಿ ಹಿಡಿದು ಓರೆ ಮಾಡಿದ. "ಬಾ ಒಳಗೆ. ಇನ್ನು ಯಾರಿಗೆ ತೋರಿಸ್ತೀಯ."

ಹಳೆಯ ಬೇಸ್ ಗಿಟಾರು ಅಸಲಿಯೋ ನಕಲಿಯೋ ಎಂದು ಹೇಳುವುದು ಮೈದುನನ ಕಸುಬು. ಅನುಮಾನ ಬಂದರೆ ತನ್ನದೇ ಗಿಟಾರನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದ. ಅದು ಅವನ ಒರೆಗಲ್ಲು. ಊರವರ ಗಿಟಾರುಗಳನ್ನೆಲ್ಲ ಬಿಚ್ಚಿ ಮೂಸಿ ನೋಡಿದವನು ಅದನ್ನು ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ.

ಭಾವ ನಕಲು ಮಾಡುವವನು. ಕಳ್ಳನಲ್ಲ, ಅಸಲಿ ಕೊಳ್ಳಲಾಗದವರಿಗೆ ಅಸಲಿಯಂಥದ್ದನ್ನೇ ಮಾಡಿ, ನಕಲು ಎಂದು ಹೇಳಿಯೇ ಕೊಡುತ್ತಿದ್ದ. ವಾದ್ಯಗಾರರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಮೇಸ್ತ್ರಿ ಮೈದುನನಿಗೆ ಜಡ್ಜ್ ಎಂದು ಹೆಸರಿಟ್ಟಿದ್ದ, ಅದು ಅಂಟಿಕೊಂಡಿತ್ತು.

*

ಮನೆಯ ನೆಲಮಾಳಿಗೆಯೇ ಕಾರ್ಖಾನೆ. ವರ್ಷಗಳ ಹಿಂದೊಂದು ಬೇಸಿಗೆಯಲ್ಲಿ ಮೇಸ್ತ್ರಿ ಹೊಸ ಗಿಟಾರಿನ ಒಡಲಿಗೆ ವಾರ್ನಿಷ್ ಬಳಿದು, ಕೊರಳು ಬಂದು ಕೂರುವ ಕುಳಿಯೊಳಗೆ, ಹಸಿಯಿರುವಾಗಲೇ, ಹೆಬ್ಬೆರಳು ಒತ್ತಿದ.

"ಇದೇನು ಭಾವ, ಸಹಿ ಹಾಕೋಕೆ ಬರಲ್ವಾ?"

"ನಾಳೆ ಯಾವನಾದ್ರೂ ಇದನ್ನ ಅಸಲಿ ಅಂತ ಮಾರೋಕೆ ಹೋದ್ರೆ ಸಿಕ್ಕಿಬೀಳ್ಲಿ ಅಂತ. ನಾನು ಮಾಡಿದ್ದು ಯಾವುದನ್ನೇ ತಗೋ, ಕೊರಳು ಬಿಚ್ಚಿದ್ರೆ ನಾನು ಸಿಗ್ತೀನಿ."

ಜಡ್ಜ್ ಗೋಡೆಯಲ್ಲಿ ನೇತುಹಾಕಿದ್ದ ಇನ್ನೊಂದನ್ನು ಬೆಳಕಿಗೆ ಹಿಡಿದ. "ಇದರ ಸವೆತ ಸುಳ್ಳು. ಎಲ್ಲ ಕಡೆ ಒಂದೇ ಸಮ. ನುಡಿಸೋನ ಕೈ ಒರಗೋದು ಇಲ್ಲಿ, ಇಲ್ಲೇ ಬಣ್ಣ ಹೋಗ್ಬೇಕು. ವಾರ್ನಿಷ್ ಬಿರುಕೂ ಬ್ಲೇಡಲ್ಲಿ ಎಳೆದ ಹಾಗಿದೆ."

"ಬ್ಲೇಡಲ್ಲೇ ಎಳೆದಿದ್ದು. ನಿಮ್ಮಕ್ಕನ ಕೈಕೆಲಸ. ಬೈಯೋದಾದ್ರೆ ಅವಳನ್ನ ಬೈಯಿ."

"ಇಬ್ಬರಿಗೂ ಇವತ್ತು ಕಾಫಿ ಇಲ್ಲ" ಎಂದು ಮೇಲಿನಿಂದ ಅಕ್ಕನ ದನಿ ಬಂತು.

ಆ ಬೇಸಿಗೆಯಲ್ಲೇ ಜಡ್ಜ್ ತನ್ನ ಗಿಟಾರನ್ನು ರಿಪೇರಿಗೆ ಅಲ್ಲಿ ಬಿಟ್ಟುಹೋದ. ಮಳೆ ಶುರುವಾದ ಮೇಲೆ ಬಂದು ಒಯ್ದ.

ಕಳೆದ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮೇಸ್ತ್ರಿ ಮೂಗಿನ ನಳಿಕೆ ಸರಿಸಿಕೊಂಡು ನಕ್ಕಿದ್ದ. "ಜಡ್ಜ್ ಸಾಹೇಬ್ರೇ, ನಿಮ್ಮ ಗಿಟಾರು ಒಂದು ಬೇಸಿಗೆ ನನ್ನ ಹತ್ರ ಇತ್ತು. ಕೊಟ್ಟಿದ್ದೇ ವಾಪಸ್ ಬಂತು ಅಂತ ಯಾವ ಧೈರ್ಯ?"

"ತಮಾಷೆ ಬೇಡ ಭಾವ."

"ತಮಾಷೆ ಅನ್ನೋಕೆ, ಬಿಚ್ಚಿ ನೋಡಿದ್ದೀಯಾ?"

ಅಂದಿನಿಂದ ಜಡ್ಜ್‌ಗೆ ಊಟ ಸೇರಿರಲಿಲ್ಲ. ಒಳಗೆ ಹೆಬ್ಬೆಟ್ಟು ಇದ್ದುಬಿಟ್ಟರೆ, ಇಷ್ಟು ವರ್ಷ ಅವನು ಅಸಲಿ ಎಂದದ್ದೆಲ್ಲ ಭಾವನ ಕೈಚಳಕವನ್ನು ಹೋಲಿದ್ದು ಮಾತ್ರ. ತಮ್ಮ ಗಿಟಾರು ನಕಲಿ ಎನ್ನಿಸಿಕೊಂಡು ಮುಖ ಸಣ್ಣದು ಮಾಡಿಕೊಂಡು ಹೋದವರು ಒಬ್ಬೊಬ್ಬರಾಗಿ ನೆನಪಾಗುತ್ತಿದ್ದರು.

*

ಮಧ್ಯಾಹ್ನ ವ್ಯಾನು ಬಂತು. ಇಕ್ಕಟ್ಟಾದ ಓಣಿಯಲ್ಲಿ ದೇಹವನ್ನು ಎತ್ತಿಕೊಂಡು ತಿರುಗುವಾಗ ಡ್ರಮ್ಮಿನವ, ಗಿಟಾರು ಸಾಗಿಸುವಾಗಿನ ಅಭ್ಯಾಸದಲ್ಲೇ, ಗದರಿದ: "ಗೋಡೆಗೆ ತಾಗಿಸ್ಬೇಡ್ರೋ, ಬಣ್ಣ ಕಿತ್ರೆ ಮೇಸ್ತ್ರಿ ಸುಮ್ನಿರಲ್ಲ." ಹೇಳಿದ ಮೇಲೆ ತಾನು ಹೇಳಿದ್ದು ಕೇಳಿಸಿತು.

ಎಲ್ಲ ಮುಗಿಸಿ ಬಂದ ಮೇಲೆ ಅಕ್ಕ ನೇರ ನೆಲಮಾಳಿಗೆಗೆ ಇಳಿದಳು. ಜಡ್ಜ್ ಪೆಟ್ಟಿಗೆ ಎತ್ತಿಕೊಂಡು ಹಿಂದೆಯೇ ಹೋದ. ಅವಳು ಕಪಾಟುಗಳ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದಳು.

"ಒಂದೂ ಇಲ್ಲ ಕಣೋ. ಮಾಡಿದ್ದೆಲ್ಲ ಕೊಟ್ಟುಬಿಟ್ಟಿದ್ದಾರೆ. ನಮಗೆ ಅಂತ ಒಂದಿರಲಿ ಅಂದ್ರೆ, ಇನ್ನೊಂದು ಮಾಡಿದ್ರಾಯ್ತು ಬಿಡೇ ಅನ್ನೋರು." ಅವಳ ಕಣ್ಣು ಪೆಟ್ಟಿಗೆಯ ಮೇಲೆ ನಿಂತಿತು. "ಅದನ್ನ ಬಿಚ್ಚು."

"ಇವತ್ತು ಬೇಡಕ್ಕ."

"ಅವರ ಬೆರಳು ಅದರಲ್ಲಿದ್ರೂ ಇರಬಹುದು. ಬಿಚ್ಚೋ."

ಜಡ್ಜ್ ತಂತಿಗಳನ್ನು ಸಡಿಲಿಸಿ ಗಿಟಾರನ್ನು ಮಗುಚಿದ. ಮೊದಲ ಸ್ಕ್ರೂ ತಿರುಗಿಸುವಾಗ, ಅಸಲಿಯಾಗಿರಲಿ ಎಂದುಕೊಂಡ. ಅಕ್ಕ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಮುಟ್ಟಲು ಸಿದ್ಧಳಾಗಿ, ಎದುರಿಗೆ ಕುಳಿತಿದ್ದಳು. ಕೊನೆಯ ಸ್ಕ್ರೂ ಹೊತ್ತಿಗೆ, ನಕಲಿಯಾಗಿರಲಿ ಎಂದುಕೊಳ್ಳುತ್ತಿದ್ದ.

ಕೊರಳು ಕಿರ್ರೆಂದು ಬಿಟ್ಟುಕೊಂಡಿತು. ಅದರ ಬುಡದಲ್ಲಿ ದೂರದ ಯಾವುದೋ ಕಾರ್ಖಾನೆಯ ಯಾರೋ ಪೆನ್ಸಿಲಿನಲ್ಲಿ ಬರೆದ ತಾರೀಕು. ಕುಳಿಯೊಳಗೆ ಜೇನಿನ ಬಣ್ಣಕ್ಕೆ ತಿರುಗಿದ ಹಳೆಯ ವಾರ್ನಿಷ್. ಒಂದು ನೋಟ ಸಾಕಾಗಿತ್ತು. ಆದರೂ ಅವನು ದೀಪ ಹತ್ತಿರ ಎಳೆದು ಭೂತಗನ್ನಡಿ ಹಿಡಿದು ಮೂಲೆಮೂಲೆ ನೋಡಿದ. ನಕಲಿಯ ಗುರುತು ಸಿಗಲಿ ಎಂದು ಅವನು ಹುಡುಕಿದ್ದು ಅದೇ ಮೊದಲು.

ಅಕ್ಕ ಕುಳಿಯೊಳಗೆ ಬೆರಳಿಳಿಸಿ ಸವರಿದಳು. ಸವರುತ್ತಲೇ ಇದ್ದಳು.

"ಇದೆಯೇನೋ?"

"ಇಲ್ಲಕ್ಕ."

ಗಿಟಾರು ಅಸಲಿಯಾಗಿತ್ತು. ಜಡ್ಜ್ ಕೊಟ್ಟ ತೀರ್ಪುಗಳೆಲ್ಲ ಊರ್ಜಿತವಾದವು.