ಎರಡನೇ ವರ್ಗದ ಸನ್ನೆ

ಸೇನೆಯ ವರ್ಕ್‌ಶಾಪಿಗೆ ಸೇರಬೇಕೆಂಬುದು ಚೆನ್ನಯ್ಯನ ಹಟ. ೧೯೫೨ರ ಆ ಭರ್ತಿಯೇ ಅವನ ಪಾಲಿಗೆ ಕೊನೆಯದು. ಮುಂದಿನ ತಿಂಗಳಿಗೆ ಅವನ ಪ್ರಾಯ ಮಿತಿಯನ್ನು ದಾಟುತ್ತಿತ್ತು. ಮಳೆಗಾಲವಿಡೀ ಮೀಂಜದ ಅವನ ಮನೆಯ ಜಗಲಿಯಲ್ಲಿ ಕುಳಿತು ನಾನು ಸಾಮಾನ್ಯ ವಿಜ್ಞಾನ ಹೇಳಿಕೊಟ್ಟಿದ್ದೆ. ಭಾರ ಮೀಟುವ ಸನ್ನೆಯ ಮೂರು ವರ್ಗಗಳು ಮಾತ್ರ ಅವನ ತಲೆಗೆ ಹತ್ತಲಿಲ್ಲ. ಪುಸ್ತಕವು ಉದಾಹರಣೆಗೆ ಕೊಟ್ಟಿದ್ದ ಅಕ್ರೋಟು ಒಡೆಯುವ ಸಾಧನವನ್ನು ನಮ್ಮ ಕಡೆ ಕಂಡವರೇ ಇಲ್ಲ. ಕೊನೆಗೆ ನಾನು ನೀರೆತ್ತುವ ಏತ, ಅಡಕತ್ತರಿ, ಒಲೆಯ ಇಕ್ಕುಳಗಳನ್ನು ಮುಂದಿಟ್ಟು ವಿವರಿಸಿದೆ; ಒಂದೇ ಸಂಜೆಯಲ್ಲಿ ಪಾಠ ಮುಗಿಯಿತು.

ಲಿಖಿತ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾದ. ಮೌಖಿಕ ಪರೀಕ್ಷೆ ಮಂಗಳೂರಿನ ಮೈದಾನದಲ್ಲಿ, ಮರದಡಿಯ ಮೇಜಿನ ಮುಂದೆ. ನಾನು ಹಗ್ಗದ ಆಚೆ ನಿಂತಿದ್ದೆ. ಮೇಜಿನ ಬಳಿ ಹವಾಲ್ದಾರನು ಅಭ್ಯರ್ಥಿಗಳ ಮೈ ತಡವಿ ಬಿಡುತ್ತಿದ್ದ. ಚೆನ್ನಯ್ಯನ ಸೊಂಟದ ಚೀಲದಿಂದ ಅಡಕತ್ತರಿ ಹೊರಬಂದಾಗ ಹವಾಲ್ದಾರನ ಮುಖ ಬಿಗಿದುಕೊಂಡಿತು. ಹರಿತವಾದ ಆಯುಧ ತಂದವನು ಪರೀಕ್ಷೆಗೆ ಅನರ್ಹನೆಂದು ಹೇಳಿ, ಅವನನ್ನು ನನ್ನತ್ತ ದೂಡಿದ.

"ಇದನ್ನು ಎಂತಕ್ಕೆ ತಂದದ್ದು ಮಾರಾಯ?" ಎಂದೆ.

"ಎಲೆಯಡಿಕೆ ಇಲ್ಲದೆ ಗಂಡಸು ಮಂಗಳೂರಿಗೆ ಬರುವುದುಂಟಾ ಮಾಷ್ಟ್ರೆ?" ಎಂದ ಅವನು, ಕಣ್ಣು ತುಂಬಿಕೊಂಡೇ.

ಗಲಾಟೆ ಕೇಳಿ ಮೇಜಿನ ಹಿಂದಿದ್ದ ಕ್ಯಾಪ್ಟನ್ ತಲೆಯೆತ್ತಿದರು. ಉತ್ತರದ ಬೆಟ್ಟಸೀಮೆಯವರು, ಅಡಿಕೆಯ ಅಭ್ಯಾಸವಿಲ್ಲದವರು, ಅಂಥ ವಸ್ತುವನ್ನು ಕಂಡಿರಲಿಲ್ಲ. ಅದೇನೆಂದು ಗುಮಾಸ್ತನ ಮೂಲಕ ಕೇಳಿಸಿದರು.

ಚೆನ್ನಯ್ಯ ಮೇಜಿನ ಮುಂದೆ ಹೋಗಿ ನೆಟ್ಟಗೆ ನಿಂತ. "ಇದು ಆಯುಧ ಅಲ್ಲ ಸಾರ್, ಎರಡನೇ ವರ್ಗದ ಸನ್ನೆ. ಈ ಕೀಲು ಆಧಾರ. ಈ ತುದಿಯಲ್ಲಿ ಕೈಯ ಬಲ. ಅಡಿಕೆ ನಡುವೆ."

ಗುಮಾಸ್ತ ನಗು ತಡೆದುಕೊಂಡು ಅನುವಾದಿಸಿದ. ಕ್ಯಾಪ್ಟನ್ ಸ್ವತಃ ಪರೀಕ್ಷಿಸಬಯಸಿದರು. ಚೆನ್ನಯ್ಯನ ಚೀಲದ ಅಡಿಕೆಯೊಂದನ್ನು ಅಲಗಿನ ತುದಿಗೆ ಇಟ್ಟು ಅದುಮಿದರು; ತುಂಡಾಗಲಿಲ್ಲ. ಕೀಲಿನ ಹತ್ತಿರ ಇಟ್ಟಾಗ ಟಕ್ಕನೆ ಎರಡಾಯಿತು. ಸಂತೋಷದಲ್ಲಿ ಅವರು ಒಂದು ಹೋಳನ್ನು ಬಾಯಿಗೆ ಹಾಕಿಕೊಂಡರು. ಚೆನ್ನಯ್ಯ ಬೇಡವೆನ್ನುವುದರೊಳಗೆ ಜಗಿದೂ ಆಗಿತ್ತು. ಅದು ಹೊಸ ಅಡಿಕೆ, ಅಭ್ಯಾಸವಿಲ್ಲದವರ ತಲೆಗೇರುವಂಥದ್ದು. ಕ್ಷಣದಲ್ಲಿ ಅವರ ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು, ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದರು. ಹವಾಲ್ದಾರನು ಚೆನ್ನಯ್ಯನ ಕೊರಳಪಟ್ಟಿಗೆ ಕೈಹಾಕಿದ. ಇನ್ನು ಮುಗಿಯಿತೆಂದುಕೊಂಡೆ.

ಚೆನ್ನಯ್ಯನಿಗೆ ಮಾತ್ರ ಗಾಬರಿಯಿಲ್ಲ. ಅದನ್ನು ಉಗಿಯಬೇಕು, ಸ್ವಲ್ಪ ಸಕ್ಕರೆ ತಿಂದು ತಣ್ಣೀರು ಕುಡಿಯಬೇಕು, ಇದು ಬರೀ ಅಡಿಕೆಯ ಸೊಕ್ಕು, ಈಗ ಇಳಿಯುತ್ತದೆ ಎಂದ. ಗುಮಾಸ್ತ ಚಹಾದ ಸಕ್ಕರೆ ತಂದುಕೊಟ್ಟ. ಹಾಗೆಯೇ ಸೊಕ್ಕು ಇಳಿಯಿತು.

ಕ್ಯಾಪ್ಟನ್ ಬೆವರೊರೆಸಿಕೊಂಡು, ಅದು ಹೀಗೇಕೆ ಮಾಡುತ್ತದೆಂದು ಕೇಳಿದರು.

"ಅದು ನಮ್ಮ ಪಾಠದಲ್ಲಿ ಇಲ್ಲ ಸಾರ್," ಎಂದ ಚೆನ್ನಯ್ಯ. "ಸಕ್ಕರೆಯ ವಿಷಯ ನಮ್ಮ ಅಮ್ಮ ಹೇಳಿದ್ದು."

ಅವರು ಗಟ್ಟಿಯಾಗಿ ನಕ್ಕರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದವನು ಬೆಳಗ್ಗಿನಿಂದ ಇವನೊಬ್ಬನೇ ಎಂದು ಗುಮಾಸ್ತನಿಗೆ ಹೇಳಿ, ಪುಸ್ತಕದ ಪ್ರಶ್ನೆಯೊಂದನ್ನು ಕೇಳಿದರು: ಎತ್ತರದ ಪರ್ವತದಲ್ಲಿ ಅನ್ನ ಬೇಯುವುದು ಬೇಗವೋ ತಡವೋ? ಚೆನ್ನಯ್ಯ ತಡವರಿಸಲಿಲ್ಲ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಆದಕಾರಣ ಅಕ್ಕಿ ಬೇಯಲು ಹೆಚ್ಚು ಹೊತ್ತು ಬೇಕು.

ಕ್ಯಾಪ್ಟನ್ ಕಾಗದದ ಮೇಲೆ ಏನೋ ಬರೆದು ಅವನ ಭುಜ ತಟ್ಟಿದರು. ಅವನು ಹಗ್ಗ ದಾಟಿ ಬಂದಾಗ ಮುಖದಲ್ಲಿ ನಗುವೂ ಚಿಂತೆಯೂ ಒಟ್ಟಿಗೆ ಇದ್ದವು.

"ತಕ್ಕೊಂಡರು ಮಾಷ್ಟ್ರೆ. ಆದರೆ ಗುಮಾಸ್ತರು ಹೇಳುತ್ತಾರೆ, ನನ್ನನ್ನು ಹಾಕುವುದು ಹಿಮಾಲಯದ ಮೇಲಕ್ಕಂತೆ. ಆ ಅನ್ನದ ಉತ್ತರ ಸ್ವಲ್ಪ ತಪ್ಪು ಹೇಳಬಹುದಿತ್ತೋ ಏನೋ."