ಚಿಪ್ಪಿನ ಕಿರೀಟ

ಮದುವೆಯ ವಯಸ್ಸಿಗೆ ಬಂದ ಹುಡುಗಿಯ ಕೈಕೆಲಸಕ್ಕೆ ಗಾಜಿನ ಕಟ್ಟು ಹಾಕಿಸಿ, ಹೆಣ್ಣು ನೋಡಲು ಬಂದವರಿಗೆ ಕಾಣುವಂತೆ ಪಡಸಾಲೆಯ ಗೋಡೆಗೆ ತೂಗುಹಾಕುವುದು ಮುನವಳ್ಳಿಯ ಮನೆಗಳಲ್ಲಿ ರೂಢಿ. ಈ ಮನೆಯ ಕಿರಿಮಗಳು ಗಂಗಾಳಿಗೋ ಸೂಜಿಗೆ ದಾರ ಪೋಣಿಸುವುದೂ ಬೇಸರ. ಹಾಗಾಗಿ ಆ ಕೆಲಸ ಅಕ್ಕ ರಾಜೇಶ್ವರಿಯ ಪಾಲಿಗೆ ಬಂತು. ಮೂವತ್ತೆರಡು ದಾಟಿದ ಅವಳನ್ನು ನೋಡಲು ಈಗ ಯಾರೂ ಬರುತ್ತಿರಲಿಲ್ಲ.

ಧಾರವಾಡದಲ್ಲಿ ಓದುವಾಗ ರಾಜೇಶ್ವರಿ ತಂಜಾವೂರು ಶೈಲಿಯ ಚಿತ್ರ ಕಲಿತಿದ್ದಳು. ಬಂಗಾರದ ರೇಕು, ಹರಳು ಎಲ್ಲಿಂದ ತರುವುದು? ತೊಂಬತ್ತೆಂಟರ ಬೇಸಿಗೆಯಲ್ಲಿ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು ಸರಿದು, ಕೆಸರಿನ ತುಂಬ ಬಸವನಹುಳುಗಳ ಚಿಪ್ಪು ಕಾಣಿಸಿದ್ದವು. ಬುಟ್ಟಿ ತುಂಬ ಆರಿಸಿ ತಂದ ಮನೆಗೆಲಸದ ಕೆಂಪವ್ವ ಎಚ್ಚರಿಸಿದಳು:

"ಅಕ್ಕಾರ, ಬಾಯಿ ಮುಚ್ಚಿದ್ದರಾಗ ಹುಳಾ ಇರತಾವ. ಕುದಿಸಿ ತಗೀಬೇಕ. ನಮ್ಮ ಮನ್ಯಾಗ ಕುದಿಸಿ ಕೊಡ್ಲೇನ್ರಿ?"

"ಲಿಂಗಪೂಜಾ ಮಾಡೂ ಮನಿಗೆ ಕುದಿಸಿದ ಹುಳದ ಚಿಪ್ಪ ತರತಿ ಏನ?" ತಾಯಿ ಸೋಮವ್ವ ಒಳಗಿನಿಂದಲೇ ಚೀರಿದಳು. "ಬಿಸಲಾಗ ಒಣಗಸು, ಸಾಕು."

ನಾಲ್ಕು ದಿನ ಒಣಗಿದವು. ಬಾಯಿ ಮುಚ್ಚಿದವೇ ದುಂಡಗಿದ್ದವು. ರಾಜೇಶ್ವರಿ ಅವಕ್ಕೆ ಬಂಗಾರದ ಬಣ್ಣ ಬಳಿದು ತಾನು ಬರೆದ ಚಿತ್ರದಲ್ಲಿ ಶಿವನ ಕಿರೀಟಕ್ಕೆ, ಪಾರ್ವತಿಯ ಸರಕ್ಕೆ ಅಂಟಿಸಿದಳು.

ಯರಗಟ್ಟಿಯವರು ಗಂಗಾಳನ್ನು ನೋಡಲು ಬಂದಾಗ ಮಳೆ ಹಿಡಿದಿತ್ತು. ಬೆಳಗಿನಿಂದ ಪಡಸಾಲೆಯಲ್ಲಿ ವಾಸನೆ. ಇಲಿ ಸತ್ತಿದೆಯೆಂದು ಸೋಮವ್ವ ಮೂಲೆ ಮೂಲೆ ಹುಡುಕಿ, ಕೊನೆಗೆ ಊದಿನಕಡ್ಡಿ ಹಚ್ಚಿದ್ದಳು.

"ಏನ ಛಂದ ಐತ್ರಿ! ಯಾರ ಮಾಡ್ಯಾರ?" ಗೋಡೆಯ ಚಿತ್ರ ನೋಡಿ ವರನ ಸೋದರತ್ತೆ ಸಿದ್ದಲಿಂಗವ್ವ ಎದ್ದು ಬಂದಳು.

"ನಮ್ಮ ಗಂಗಾ ರೀ. ಊಟಾ ಮರತ ಕುಂತ ಮಾಡ್ಯಾಳ," ಎಂದಳು ಸೋಮವ್ವ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಾಜೇಶ್ವರಿಯ ಕಡೆ ಯಾರೂ ತಿರುಗಲಿಲ್ಲ.

ಚಿತ್ರದ ಹತ್ತಿರ ಹೋದ ಸಿದ್ದಲಿಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗಾಜಿನ ಹಿಂದೆ, ಕಿರೀಟದಿಂದ ಕಂದು ನೀರು ಜಿನುಗಿ ಶಿವನ ಮುಖದ ಮೇಲೆ ಇಳಿದಿತ್ತು.

"ಅಯ್ಯ ಶಿವನ! ಹುಳಾ ಜೀವಾ ಇದ್ದಂಗನ ಅಂಟಿಸ್ಯಾಳಲ್ರೀ! ಇಂಥಾಕಿ ಕೈಯಾಗ ನಮ್ಮ ದೇವರ ಜಗಲಿ ಹೆಂಗ ಕೊಡೂದು?"

ಗಂಗಾ ತಲೆಯೆತ್ತಿ ಅಕ್ಕನನ್ನು ನೋಡಿದಳು. 'ನಾನು ಮಾಡಿದ್ದು' ಎಂದು ಅಕ್ಕ ಅಂದಿದ್ದರೆ ಸಾಕಿತ್ತು. ಮಾತು ರಾಜೇಶ್ವರಿಯ ನಾಲಿಗೆಯ ತುದಿಗೆ ಬಂದಿತ್ತು. ಹೊಗಳಿದಾಗ ನನ್ನದಲ್ಲದ್ದು ಈಗ ಯಾಕೆ ನನ್ನದಾಗಬೇಕು?

"ಚಾ ಆರಾಕ ಹತ್ತೇತಿ, ತಗೋರ್ರಿ," ಎಂದಳು.

ಯಾರೂ ಕಪ್ಪು ಮುಟ್ಟಲಿಲ್ಲ. ಜೀಪಿನ ಸದ್ದು ದೂರವಾದ ಮೇಲೆ ಗಂಗಾ ಅಡುಗೆಮನೆಗೆ ಬಂದಳು. ಅತ್ತಿರಲಿಲ್ಲ.

"ಅವ್ವಗ ಅಂಜಿ ಸುಮ್ಮನಿದ್ದೆ ಅಂತ ತಿಳೀಬ್ಯಾಡಕ್ಕಾ. ನಿನ್ನ ಹೆಸರ ಕೆಡಬಾರದಂತ ಸುಮ್ಮನಿದ್ದೆ."

ರಾಜೇಶ್ವರಿ ತುಂಬಿದ ಕಪ್ಪುಗಳನ್ನು ಒಂದೊಂದಾಗಿ ಮೋರಿಗೆ ಚೆಲ್ಲಿದಳು.