ಒಬ್ಬರ ಹೆಸರಿನ ಸೀಟು

"ಪ್ರಯಾಣಿಕರ ಸಂಖ್ಯೆ, ಒಂದು," ಎಂದು ಅಕ್ಕನ ಫೋನು ಮನೆಗೆಲ್ಲ ಕೇಳುವ ಹಾಗೆ ಓದಿತು. ಯಂತ್ರದ ದನಿಗೆ ನಾಚಿಕೆಯಾಗಲಿ ದಾಕ್ಷಿಣ್ಯವಾಗಲಿ ಇರುವುದಿಲ್ಲ. ಅದು ತಂಗಿಯ ಹೆಸರು ಹೇಳಿತು, ಹೊರಡುವ ದಿನ ಹೇಳಿತು, ಒಂಬತ್ತು ದಿನ ಬಿಟ್ಟು ಹಿಂದಿರುಗುವ ದಿನವನ್ನೂ ಹೇಳಿತು. ಶನಿವಾರ ಸಂಜೆ ಆರರೊಳಗೆ ಸಂದೇಶಕ್ಕೆ ಉತ್ತರಿಸಿ ಖಚಿತಪಡಿಸದಿದ್ದರೆ ಸೀಟು ತಾನಾಗಿಯೇ ರದ್ದಾಗುತ್ತದೆಂದು ಎಚ್ಚರಿಸಿ ಸುಮ್ಮನಾಯಿತು. ಒಗೆದ ಬಟ್ಟೆ ಮಡಿಸುತ್ತಿದ್ದ ತಂಗಿ, ಮಡಿಸಿಟ್ಟಿದ್ದ ದಿಂಬಿನ ಚೀಲವನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಅವಳು ಇಪ್ಪತ್ತೆರಡು ವರ್ಷದಿಂದ ಟ್ರಾವೆಲ್ ಆಫೀಸೊಂದರಲ್ಲಿ ಕೂತು ಊರವರಿಗೆಲ್ಲ ಟಿಕೆಟ್ ಮಾಡಿಕೊಟ್ಟವಳು. ತಾನು ಮಾತ್ರ ಆಫೀಸಿನಿಂದ ಮನೆ, ಮನೆಯಿಂದ ಆಫೀಸು. ಆ ಕೆಲಸದಲ್ಲಿ ಹೋಲ್ಡ್ ಹಾಕುವುದು ಅಂತ ಒಂದಿದೆ. ಗಿರಾಕಿ ಇನ್ನೂ ಮೀನಮೇಷ ಎಣಿಸುತ್ತಿರುವಾಗ ಅವನ ಹೆಸರಿನಲ್ಲಿ ಸೀಟನ್ನು ಮೂರು ದಿನ ಹಿಡಿದಿಡುತ್ತಾರೆ, ಅವನು ಹೂಂ ಅನ್ನದಿದ್ದರೆ ಅದು ತಂತಾನೇ ಬಿಟ್ಟುಹೋಗುತ್ತದೆ. ಏಳು ವರ್ಷದಿಂದ ವರ್ಷಕ್ಕೊಮ್ಮೆ ಅವಳು ಅಕ್ಕನದೂ ತನ್ನದೂ ಹೆಸರಿನಲ್ಲಿ ಒಂದೇ ಒಂದು ದೂರದ ದೇಶದ ವಿಮಾನಕ್ಕೆ ಹೀಗೆ ಹೋಲ್ಡ್ ಹಾಕುತ್ತಿದ್ದಳು. ಸಂದೇಶ ಅಕ್ಕನ ಫೋನಿಗೇ ಬರಬೇಕು, ಅದು ಗಟ್ಟಿಯಾಗಿ ಓದಬೇಕು, ಅಕ್ಕ ಎರಡು ಸಲ ಕೇಳಬೇಕು. ಮೂರನೆಯ ದಿನ ಸೀಟು ಬಿಟ್ಟುಹೋದರೆ ಇಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಆ ದೇಶಕ್ಕೆ ಯಾರೂ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ಅದನ್ನು ಕೇಳಿಕೊಂಡು ಬಂದಿದ್ದ, ಅವನಿಗೂ ಬೇಕಾಗಿದ್ದುದು ಬೇರೆ ದೇಶ ಎಂದು ಆಮೇಲೆ ತಿಳಿಯಿತು. ವಾರಕ್ಕೆ ಎರಡೇ ವಿಮಾನ, ಕೊಳ್ಳುವಂಥದ್ದು ಏನೂ ಸಿಗದು, ಫೋಟೊಕ್ಕೆ ನಿಲ್ಲುವಂಥ ಗೋಪುರವೂ ಇಲ್ಲ. ಅಲ್ಲಿ ಏನಿದೆ ಅಂತ ಹೋಗ್ತೀರಿ ಎಂದು ಆಫೀಸಿನ ಯಜಮಾನರು ಒಮ್ಮೆ ಕೇಳಿದ್ದರು. ಏನೂ ಇಲ್ಲ ಸರ್, ಅದಕ್ಕೇ, ಎಂದಿದ್ದಳು.

ಅಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಎಂಟು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದರೂ ಅಂಕಿ ಒಂದೂ ಹೋಗಿರಲಿಲ್ಲ. ಆ ದೇಶದ ಬಸ್ಸುಗಳ ವೇಳೆಯೆಲ್ಲ ಅವಳಿಗೆ ಬಾಯಿಪಾಠ. ಬೆಳಗ್ಗೆ ಏಳಕ್ಕೆ ಮಾರುಕಟ್ಟೆಯ ಹಿಂದಿನಿಂದ ಹೊರಟರೆ ಆರು ಗಂಟೆಯ ದಾರಿ, ಆಮೇಲೆ ಸರೋವರ, ಸರೋವರದ ದಂಡೆಯಲ್ಲಿ ನಾಲ್ಕೇ ಕೋಣೆಯ ಒಂದು ವಸತಿಗೃಹ. ಊಟವಾದ ಮೇಲೆ ದಿನವೂ ಇದೇ ಮಾತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೆ ಎಂದು ಜಗಳವೂ ಆಗುತ್ತಿತ್ತು. ನೋಡೋಕೆ ನಿನಗೆ ಕಣ್ಣಿದೆ, ಗಾಳಿ ಆದರೂ ನನಗಿರಲಿ, ಎಂದು ಅಕ್ಕ ಗೆದ್ದುಬಿಡುತ್ತಿದ್ದಳು.

ಈ ಸಲ ತಂಗಿ ಒಂದೇ ಹೆಸರು ಏಕೆ ಬರೆದಳು? ಸುಸ್ತಾಗಿತ್ತು, ಅಷ್ಟೇ. ಬೆಳಗ್ಗೆ ಎದ್ದು ಅಕ್ಕನ ಬಟ್ಟೆ ತೆಗೆದಿಟ್ಟು, ಮಾತ್ರೆಗಳನ್ನು ಹೊತ್ತು ಹೊತ್ತಿನ ಡಬ್ಬಿಗೆ ಹಾಕಿ, ಮಧ್ಯಾಹ್ನ ಫೋನು ಮಾಡಿ ಊಟವಾಯಿತೇ ಎಂದು ಕೇಳಿ, ಸಂಜೆ ಬಂದ ತಕ್ಷಣ ಅವಳ ದಿನದ ಕತೆಯನ್ನೆಲ್ಲ ಕೇಳಿ, ಗಾಣದೆತ್ತಿನ ಹಾಗೆ ಸುತ್ತಿದ್ದಾಗಿತ್ತು. ಅಕ್ಕನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಒಂಬತ್ತು ದಿನ ಯಾರೂ ತನ್ನನ್ನು ಕೂಗದ ಕಡೆ ಇರಬೇಕು ಎಂಬ ಆಸೆ ಒಳಗೆ ಬೇರು ಬಿಟ್ಟಿತ್ತು. ಬುಧವಾರ ಸಂಜೆ ಆಫೀಸು ಖಾಲಿಯಾದ ಮೇಲೆ ತನ್ನ ಹೆಸರು ಬರೆದಳು, ಎರಡನೆಯ ಹೆಸರಿನ ಜಾಗವನ್ನು ಹಾಗೇ ಬಿಟ್ಟಳು. ಕಳ್ಳತನವನ್ನೂ ಸರಿಯಾಗಿ ಮಾಡಲು ಬಾರದ ಬೆರಳು ಮಾತ್ರ ಅಭ್ಯಾಸಬಲದಿಂದ ಅಕ್ಕನ ಫೋನ್ ನಂಬರನ್ನೇ ಒತ್ತಿತ್ತು.

ಈಗ ಅಕ್ಕ ಫೋನನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದಳು. "ತಪ್ಪು ಬಂದಿರ್ಬೇಕು ಕಣೇ. ಒಂದು ಅಂತಿದೆ," ಎಂದಳು.

ಹೌದು, ತಪ್ಪು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಬಾಗಿಲು ತೆರೆದೇ ಕೊಟ್ಟಿದ್ದಳು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸುಳ್ಳು ಹೇಳುವ ಬಾಯಿಗೆ ಆ ಒಂದು ಸುಳ್ಳು ಬರಲಿಲ್ಲ.

"ತಪ್ಪಲ್ಲ ಅಕ್ಕ. ನಾನೇ ಒಂದು ಹೆಸ್ರು ಹಾಕಿದ್ದು."

ಅಕ್ಕ ಫೋನನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಆ ದಿನವೂ ಮರುದಿನವೂ ಊಟವಾದ ಮೇಲೆ ರೇಡಿಯೊ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತಂಗಿಗೆ. ಎದುರುಮನೆಯಾಕೆಯ ಹತ್ತಿರ, ಒಂದೊಮ್ಮೆ ತಾನು ಊರಲ್ಲಿಲ್ಲದಿದ್ದರೆ ಎರಡು ಹೊತ್ತು ಬಂದು ನೋಡಿಕೊಳ್ಳುತ್ತೀರಾ ಎಂದು ಕೇಳಿದ್ದಳು. ಅದಕ್ಕೇನು, ನೋಡಿಕೊಳ್ಳೋಣ ಎಂದಿದ್ದರು ಅವರು. ಕೇಳಿದ್ದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಶನಿವಾರ ಆಫೀಸಿನಿಂದ ಹೊರಡುವಾಗ, ಆರು ಗಂಟೆ ತಾನಾಗಿ ಆಗಲಿ, ಸೀಟು ತಾನಾಗಿ ಹೋಗಲಿ ಎಂದು ತೀರ್ಮಾನಿಸಿಯೇ ಬಸ್ಸು ಹತ್ತಿದಳು.

ಬಾಗಿಲು ತೆಗೆದಾಗ ಹಾಲು ಸೀದ ವಾಸನೆ ಮೂಗಿಗೆ ಹೊಡೆಯಿತು. ಅಕ್ಕ ಒಲೆಯ ಮುಂದೆ ನಿಂತಿದ್ದಳು. ಐದು ವರ್ಷದ ಹಿಂದೆ ತೋಳಿನ ಬಟ್ಟೆಗೆ ಬೆಂಕಿ ತಗುಲಿದಂದಿನಿಂದ ತಂಗಿ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಇವತ್ತು ತೋಳುಗಳನ್ನು ಮೊಣಕೈಯಿಂದ ಮೇಲಕ್ಕೆ ಮಡಿಸಿ, ಎರಡು ಕಡೆ ಪಿನ್ನು ಹಾಕಿಕೊಂಡಿದ್ದಳು. ಕಟ್ಟೆಯ ಮೇಲೆ ಸುಟ್ಟ ಬೆಂಕಿಕಡ್ಡಿಗಳು ರಾಶಿ ಬಿದ್ದಿದ್ದವು. ಬೆಳಗಿನಿಂದ ಇದೇ ಕೆಲಸವಾಗಿತ್ತು ಎಂದು ಕಾಣುತ್ತದೆ.

ತಂಗಿ ಚೀಲವನ್ನು ಎಸೆದು ಓಡಿದಳು. ಅಕ್ಕ ತಿರುಗದೆಯೇ ಕೈ ಅಡ್ಡ ಹಿಡಿದು, ಹೋಗಿ ಆಚೆ ಕೂತುಕೋ ಎಂದಳು. ಬೇಡ, ನಾನು ಹೋಗುವುದಿಲ್ಲ, ಸೀಟು ಬಿಟ್ಟುಬಿಡುತ್ತೇನೆ ಎಂದು ತಂಗಿ ಗೋಗರೆದಳು.

"ನಂಗೆ ಕೋಪ ಬಂದಿಲ್ಲ ಅಂದ್ಕೋಬೇಡ," ಎಂದಳು ಅಕ್ಕ. "ಬಂದಿದೆ. ಇನ್ನೂ ಇದೆ. ಅದು ನನ್ನ ಪಾಡು. ನಾನು ಅಷ್ಟು ದೂರ ಬರೋಳಲ್ಲ ಅಂತ ನಂಗೆ ಮೊದಲನೇ ವರ್ಷವೇ ಗೊತ್ತಿತ್ತು. ನಿಂಗೆ ಗೊತ್ತಾಗೋಕೆ ಏಳು ವರ್ಷ ಬೇಕಾಯ್ತು."

ತಂಗಿ ಒಲೆ ಆರಿಸಲು ಕೈ ಚಾಚಿದಳು, ಅಕ್ಕ ಅದನ್ನು ಆಚೆ ಸರಿಸಿದಳು.

"ಅಲ್ಲಿ ಕೂತ್ಕೊಂಡು ನೋಡು. ಒಂದು ಲೋಟ ಚಹಾ ನಿನ್ನ ಕೈವರೆಗೂ ತಂದ್ಕೊಟ್ರೆ ನೀನು ಹೋಗ್ತೀಯ. ಮಧ್ಯದಲ್ಲಿ ಎದ್ದು ಬಂದ್ಯೋ, ಜನ್ಮದಲ್ಲಿ ನಿನ್ನ ಮಾತಾಡ್ಸಲ್ಲ."

ತಂಗಿ ಹೋಗಿ ಕುರ್ಚಿಯಲ್ಲಿ ಕೂತಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷವಿತ್ತು. ಅಕ್ಕ ಒಲೆ ಆರಿಸಿ, ಲೋಟದ ಅಂಚಿನೊಳಕ್ಕೆ ಬೆರಳಿಟ್ಟು ಚಹಾ ಬಗ್ಗಿಸಿದಳು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಕಟ್ಟೆಯ ಮೇಲೆ ಹರಿಯಿತು. ಬೆರಳಿಗೆ ಬಿಸಿ ತಾಗಿದಾಗ ಉಸಿರು ಒಳಕ್ಕೆಳೆದುಕೊಂಡಳೇ ಹೊರತು ಕೂಗಲಿಲ್ಲ. ಆಮೇಲೆ ಗೋಡೆಗೆ ಭುಜ ತಾಗಿಸಿಕೊಂಡು, ಬಾಯಲ್ಲೇ ಹೆಜ್ಜೆ ಎಣಿಸುತ್ತ ಹೊರಟಳು.

ದಾರಿಯಲ್ಲಿ ತಂಗಿ ಆಗ ಎಸೆದ ಚೀಲ ಬಿದ್ದಿತ್ತು. ಅದನ್ನು ಕಂಡು ತಂಗಿಯ ಕಾಲು ತಾನಾಗಿ ಏಳಹೊರಟಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಕುರ್ಚಿಗೆ ಅಂಟಿಕೊಂಡು ಕೂತಳು. ಅಕ್ಕನ ಪಾದ ಚೀಲಕ್ಕೆ ತಾಗಿತು. ಲೋಟ ಓಲಾಡಿತು, ಒಂದಿಷ್ಟು ಚಹಾ ನೆಲಕ್ಕೆ ಚೆಲ್ಲಿತು. ಅಕ್ಕ ಅಲ್ಲೇ ನಿಂತು, ಪಾದದಿಂದಲೇ ಚೀಲದ ಸುತ್ತಳತೆಯನ್ನು ಮೆಲ್ಲಗೆ ತಡವಿ ನೋಡಿ, ಅದನ್ನು ಬಳಸಿಕೊಂಡು ಮುಂದಿನ ಹೆಜ್ಜೆ ಇಟ್ಟಳು.